ಮದುವೆ ಹತ್ತಿರ ಬಂತು, ಮೈಕೂದಲಿನದೇ ಚಿಂತೆ

ಪ್ರಶ್ನೆ: ನನಗೆ 28 ವರ್ಷ, ಹಾಸನದ ಕಡೆಯವನು. ಎದೆ, ಬೆನ್ನು, ಭುಜದ ಮೇಲೆಲ್ಲ ದಟ್ಟ ಕೂದಲು. ಕಾಲೇಜಿನಲ್ಲಿ ‘ಕರಡಿ’ ಅಂತಲೇ ಕರೆಯುತ್ತಿದ್ದರು. ಮನೆಯವರ ಜೊತೆ ಧರ್ಮಸ್ಥಳಕ್ಕೆ ಹೋದಾಗ ಅಂಗಿ ತೆಗೆಯಬೇಕಲ್ಲ ಎಂದು ದೇವಸ್ಥಾನದ ಒಳಗೇ ಹೋಗಲಿಲ್ಲ. ಇನ್ನೆರಡು ತಿಂಗಳಲ್ಲಿ ಮದುವೆ. ಅರಿಶಿನ ಶಾಸ್ತ್ರಕ್ಕೆ ಎಲ್ಲರೆದುರು ಬರಿಮೈಯಲ್ಲಿ ಕೂರಬೇಕು. ಹೋದ ವಾರ ಎದೆ, ಹೊಟ್ಟೆ ಶೇವ್ ಮಾಡಿಕೊಂಡೆ, ಈಗ ಕೆಂಪು ಗುಳ್ಳೆ ಎದ್ದಿವೆ. ನನ್ನ ಹಾರ್ಮೋನಿನಲ್ಲಿ ದೋಷವಿದೆಯೇ? ಲೇಸರ್ ಮಾಡಿಸಲೇ? ಹುಡುಗಿಗೆ ಏನೂ ಹೇಳಿಲ್ಲ.

ಉತ್ತರ: ಅಷ್ಟು ದೂರ ಹೋಗಿ ಹೊರಗೇ ಉಳಿದಿರಲ್ಲ, ಅದನ್ನು ಓದಿ ಸಂಕಟವಾಯಿತು. ಯಾರೋ ತಮಾಷೆಗೆ ಇಟ್ಟ ಹೆಸರು ನಿಮ್ಮನ್ನು ಇನ್ನೂ ಬಿಟ್ಟಿಲ್ಲ.

ದೋಷದ ಭಯ ಬಿಡಿ. ಗಂಡಸರ ಮೈಕೂದಲು ಬೆಳೆಯುವುದು ಆಂಡ್ರೋಜನ್ ಎಂಬ ಗಂಡು ಹಾರ್ಮೋನುಗಳಿಂದ, ನಿಜ. ಆದರೆ ಕೂದಲು ಜಾಸ್ತಿ ಇದ್ದರೆ ಹಾರ್ಮೋನೂ ಜಾಸ್ತಿ ಎಂದಲ್ಲ. ಕೂದಲಿನ ಬುಡ ಆ ಹಾರ್ಮೋನಿಗೆ ಎಷ್ಟು ಸ್ಪಂದಿಸುತ್ತದೆ ಎನ್ನುವುದು ಮುಖ್ಯ, ಅದು ಹೆಚ್ಚಾಗಿ ವಂಶದಿಂದ ಬರುತ್ತದೆ. ಶೇವ್ ಮಾಡಿದರೆ ಇನ್ನೂ ದಪ್ಪ ಬೆಳೆಯುತ್ತದೆ ಎನ್ನುವುದೂ ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಅದಕ್ಕೇ ಕೈಗೆ ಒರಟೆನಿಸುತ್ತದೆ.

ಈಗ ಅವಸರದ ಕೆಲಸ ಆ ಗುಳ್ಳೆಗಳದ್ದು. ತೀರಾ ಬುಡಕ್ಕೆ ಶೇವ್ ಮಾಡಿದಾಗ ಚರ್ಮಕ್ಕೆ ಗೀರು ಬೀಳುತ್ತದೆ, ಕೆಲವು ಕೂದಲು ಬೆಳೆಯುವಾಗ ಬಾಗಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತವೆ. ಪೂರ್ತಿ ಮಾಯುವವರೆಗೆ ರೇಜರ್ ಮುಟ್ಟಬೇಡಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ಗುಳ್ಳೆ ಚಿವುಟಬೇಡಿ, ಕೊಬ್ಬರಿ ಎಣ್ಣೆಯೂ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮ್ ಅಂತೂ ಬೇಡವೇ ಬೇಡ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಕಡಿಮೆಯಾದಂತೆ ಕಂಡು, ಆಮೇಲೆ ಸೋಂಕು ಹೆಚ್ಚುತ್ತದೆ, ಚರ್ಮ ತೆಳ್ಳಗಾಗುತ್ತದೆ. ಕೀವು, ನೋವು, ಜ್ವರ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮಾಯ್ದ ಮೇಲೆ ಟ್ರಿಮ್ಮರ್ ಸಾಕು. 3ರಿಂದ 6 ಮಿಲಿಮೀಟರಿನ ಗಾರ್ಡ್ ಹಾಕಿ ಓಡಿಸಿದರೆ ಬ್ಲೇಡು ಚರ್ಮಕ್ಕೆ ತಾಗುವುದಿಲ್ಲ. ಕೂದಲು ಇರುತ್ತದೆ, ಆದರೆ ನೀಟಾಗಿ ಕಾಣುತ್ತದೆ. ಬೆನ್ನಿಗೆ ನಿಮ್ಮ ಕೈ ಎಟಕದು, ತಮ್ಮನಿಗೋ ಕಾಯಂ ಹೋಗುವ ಕಟಿಂಗ್ ಶಾಪಿನವರಿಗೋ ಹೇಳಿ. ಬೆನ್ನು ಪೂರ್ತಿ ನುಣ್ಣಗಾಗಬೇಕು ಎಂದಿದ್ದರೆ ವ್ಯಾಕ್ಸಿಂಗ್ ಇದೆ. ಆದರೆ ಅದನ್ನು ಈಗಲೇ ಅಂಗೈಯಗಲ ಜಾಗದಲ್ಲಿ ಮಾಡಿಸಿ ನೋಡಿ. ಎಷ್ಟೋ ಜನರಿಗೆ ಅದರಿಂದಲೂ ಗುಳ್ಳೆ ಏಳುತ್ತವೆ. ಶಾಸ್ತ್ರದ ಹಿಂದಿನ ದಿನ ಮಾತ್ರ ಏನನ್ನೂ ಮಾಡಬೇಡಿ, ಆಗಷ್ಟೇ ವ್ಯಾಕ್ಸ್ ಮಾಡಿಸಿದ ಮೈಗೆ ಅರಿಶಿನ ಹಚ್ಚಿದರೆ ಉರಿ ತಡೆಯಲಾಗದು. ಬನಿಯನ್ ಹಾಕಿಕೊಂಡೇ ಕೂರುತ್ತೇನೆ ಎಂದು ಅಮ್ಮನಿಗೆ ಮೊದಲೇ ಹೇಳಿಟ್ಟರೂ ಆದೀತು, ಅಲ್ವಾ?

ಲೇಸರ್ ಈಗ ಬೇಡ. ಸಾಮಾನ್ಯವಾಗಿ ಆರೆಂಟು ಸಲ, ನಾಲ್ಕಾರು ವಾರಗಳ ಅಂತರದಲ್ಲಿ ಮಾಡಿಸಬೇಕು. ಎರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಕೂದಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆಂಬ ಖಾತ್ರಿ ಇಲ್ಲ. ನಮ್ಮಂಥ ಕಂದು ಚರ್ಮಕ್ಕೆ ಸರಿಯಾದ ಯಂತ್ರ ಬಳಸದಿದ್ದರೆ ಸುಟ್ಟು ಕಲೆ ಉಳಿಯಬಹುದು. ಮುಂದೆ ಬೇಕೆನಿಸಿದರೆ ಚರ್ಮದ ಡಾಕ್ಟರ ಹತ್ತಿರವೇ ಹೋಗಿ, ಬ್ಯೂಟಿ ಪಾರ್ಲರಿಗಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿರುವುದು ನಿಮ್ಮ ಕೊನೆಯ ಮಾತಿನ ಮೇಲೆ. ಆಕೆ ನಿಮ್ಮ ಕೂದಲಿನ ಬಗ್ಗೆ ಏನೂ ಅಂದಿಲ್ಲ. ಅನ್ನುತ್ತಾಳೆ ಎಂದು ನೀವೇ ಅಂದುಕೊಂಡು, ಗುಟ್ಟಾಗಿ ಮೈ ಗೀರಿಕೊಂಡಿದ್ದೀರಿ. ಕೈಕಾಲಿನ ಕೂದಲು, ಮೇಲ್ತುಟಿಯ ಕೂದಲು ಅಂತ ನಮ್ಮ ಹುಡುಗಿಯರು ಎಳೆ ವಯಸ್ಸಿನಿಂದ ಎಷ್ಟು ಮಾತು ಕೇಳಿರುತ್ತಾರೆ! ನಿಮ್ಮ ಮುಜುಗರ ಆಕೆಗೆ ನಿಮ್ಮ ಗೆಳೆಯರಿಗಿಂತ ಬೇಗ ಅರ್ಥವಾಗಬಹುದು. “ನನಗೆ ಮೈಮೇಲೆ ಕೂದಲು ಜಾಸ್ತಿ, ಮೊದಲಿನಿಂದಲೂ ಅದೊಂದು ಸಂಕೋಚ” ಎಂದಷ್ಟೇ ಹೇಳಿ. ಕ್ಷಮೆ ಕೇಳುವ ದನಿ ಬೇಡ. ಫೋನಿನಲ್ಲಿ ಹೇಳಲು ಕಷ್ಟವೆನಿಸಿದರೆ ಮೆಸೇಜ್ ಕಳಿಸಿ. ಆದರೆ ಮದುವೆಯ ಗಡಿಬಿಡಿ ಶುರುವಾಗುವ ಮೊದಲು, ಈ ವಾರವೇ ಹೇಳಿಬಿಡಿ.