ರೋಗಿಯ ಮನೆಯವರು ರಾತ್ರಿಯೂ ಫೋನ್ ಮಾಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಾನು ಮಂಡ್ಯ ಕಡೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕಳೆದ ತಿಂಗಳು ನಮ್ಮ ವಾರ್ಡ್‌ನಲ್ಲಿ ಮಳವಳ್ಳಿ ಕಡೆಯ ಒಬ್ಬ ಅಜ್ಜ ಇದ್ದರು. ಶುಗರ್ ಇತ್ತು, ಕಾಲಿನ ಗಾಯ ಮಾಯುತ್ತಿರಲಿಲ್ಲ. ನಾನು ಹೋದರೇ ಊಟ, ನಾನು ಹಾಕಿದರೇ ಇನ್ಸುಲಿನ್ ಅನ್ನುತ್ತಿದ್ದರು. ಅವರ ಸೊಸೆಗೆ ನನ್ನ ನಂಬರ್ ಕೊಟ್ಟೆ. ಈಗ ಡಿಸ್ಚಾರ್ಜ್ ಆದ ಮೇಲೂ ರಾತ್ರಿ ಹೊತ್ತು ಫೋನ್ ಬರುತ್ತದೆ. ಅವರು ವಾರ್ಡ್‌ನಲ್ಲಿದ್ದಾಗಲೇ ಬೆಂಗಳೂರಿಂದ ಬಂದ ಮಗ, 'ನಂಗ್ಯಾಕೆ ಏನೂ ಹೇಳಿಲ್ಲ' ಅಂತ ನನ್ನ ಮೇಲೆ ಕೂಗಾಡಿದ್ದರು. ಎಲ್ಲರ ಎದುರೇ ಸೀನಿಯರ್ ಸಿಸ್ಟರ್, 'ಪೇಷೆಂಟ್ ಜೊತೆ ಇಷ್ಟು ಸಲುಗೆ ಬೆಳೆಸಿದ್ರೆ ಹೀಗೇ ಆಗೋದು' ಅಂದರು. ಅವತ್ತಿನಿಂದ ಯಾರ ಹತ್ತಿರವೂ ಜಾಸ್ತಿ ಮಾತಾಡದೆ ಕೆಲಸ ಮಾಡಿ ಮನೆಗೆ ಹೋಗುತ್ತಿದ್ದೇನೆ. ಇದೇ ಸರಿಯಾ?
– ಹೆಸರು ಬೇಡ, ಮೈಸೂರು

ಉತ್ತರ: ಸರಿಯಲ್ಲ. ನಿಮಗೆ ಬೇಜಾರಾಗಿರುವುದು ಸಹಜ, ಆದರೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಇದಕ್ಕೆ ದಾರಿಯಲ್ಲ.

ಆ ಅಜ್ಜ ನಿಮ್ಮನ್ನು ನಂಬಿದ್ದರಲ್ಲ, ಅದನ್ನು ತಪ್ಪು ಅಂದುಕೊಳ್ಳಬೇಡಿ. ಕಾಲಿನ ಗಾಯ ಅಂತ ಊರಿಂದ ಬಂದವರಿಗೆ ಮೊದಲು ಕಾಡುವ ಭಯ ಯಾವುದು ಅಂತ ನಿಮಗೆ ಗೊತ್ತೇ ಇದೆ. ಕಾಲು ತೆಗೆದುಬಿಡುತ್ತಾರಾ ಅನ್ನುವುದು. ಆ ಭಯದಲ್ಲಿರುವವರು ಒಂದು ಪರಿಚಿತ ಮುಖ ಹುಡುಕುತ್ತಾರೆ. ನಿಮ್ಮ ಮಾತಿನಲ್ಲಿ ಊರ ಕಡೆಯ ಧಾಟಿ ಕೇಳಿದರೆ ಮುಗಿದೇ ಹೋಯಿತು, ನೀವು ಮನೆಮಗಳು.

ಆ ಸಲುಗೆಯಿಂದ ಚಿಕಿತ್ಸೆಗೂ ಲಾಭವಿದೆ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ 'ಎಲ್ಲಾ ಸರ್ಯಾಗದೆ ಸಾರ್' ಅನ್ನುವ ಅಜ್ಜ, ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಹತ್ತಿರ ನಿಜ ಬಿಚ್ಚಿಡುತ್ತಾರೆ. ಬೆಳಿಗ್ಗೆ ಇನ್ಸುಲಿನ್ ಹಾಕಿಸಿಕೊಂಡು ಗದ್ದೆಗೆ ನೀರು ಕಟ್ಟೋಕೆ ಹೋಗಿ, ಹತ್ತು ಗಂಟೆಗೆ ಬಂದು ಮುದ್ದೆ ಉಣ್ಣುತ್ತೇನೆ ಅಂತ ಒಬ್ಬರು ಹೇಳಿದರು ಅಂದುಕೊಳ್ಳಿ. ಹೊಟ್ಟೆಗೆ ಏನೂ ಇಲ್ಲದೆ ದುಡಿದರೆ ಶುಗರ್ ಧಡಕ್ಕನೆ ಇಳಿದು ಗದ್ದೆಯಲ್ಲೇ ಬೀಳಬಹುದು. ಈ ಮಾತು ಯಾವ ಲ್ಯಾಬ್ ರಿಪೋರ್ಟ್‌ನಲ್ಲೂ ಬರುವುದಿಲ್ಲ.

ಅಂಥ ಮಾತು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಮುಖ್ಯ. ಅದು ನರ್ಸಸ್ ನೋಟ್ಸ್‌ಗೆ ಇಳಿದು, ಹ್ಯಾಂಡೋವರ್‌ನಲ್ಲಿ ಮುಂದಿನ ಶಿಫ್ಟ್‌ನವರಿಗೂ, ಬೆಳಿಗ್ಗೆ ಡಾಕ್ಟರ್‌ಗೂ ತಲುಪಿದರೆ ನಿಮ್ಮ ಸಲುಗೆ ಇಡೀ ವಾರ್ಡ್‌ನದಾಗುತ್ತದೆ. ನಿಮ್ಮೊಬ್ಬರಲ್ಲೇ ಉಳಿದರೆ ನಿಮ್ಮ ವೀಕ್ಲಿ ಆಫ್ ದಿನ ಆ ಅಜ್ಜನಿಗೆ ಯಾರೂ ಇಲ್ಲ. ನೀವಿಲ್ಲದ ದಿನ ಅವರು ಇನ್ಸುಲಿನ್ ಬೇಡ ಅಂತ ಹಟ ಹಿಡಿದಾಗ ಯಾರು ಒದ್ದಾಡಿರುತ್ತಾರೆ? ಬಹುಶಃ ಅದೇ ಸೀನಿಯರ್ ಸಿಸ್ಟರ್. ಅವರ ಸಿಟ್ಟಿನ ಬೇರು ಅಲ್ಲಿರಬಹುದು. ಹಾಗಂತ ರೋಗಿಯ ಮನೆಯವರ ಎದುರು ನಿಮ್ಮನ್ನು ಅಂದದ್ದು ತಪ್ಪೇ. ಅದನ್ನು ಅವರಿಗೆ ಹೇಳಿ. ಡ್ಯೂಟಿ ಮುಗಿದ ಮೇಲೆ, 'ಸಿಸ್ಟರ್, ಐದು ನಿಮಿಷ ಮಾತಾಡ್ಬೇಕಿತ್ತು' ಅಂತ ಪಕ್ಕಕ್ಕೆ ಕರೆದು, 'ನನ್ನ ತಪ್ಪಿದ್ರೆ ಹೇಳಿ, ತಿದ್ಕೊಳ್ತೀನಿ. ಆದ್ರೆ ಪೇಷೆಂಟ್ ಕಡೆಯವರ ಮುಂದೆ ಬೇಡ' ಅನ್ನಿ. ಇನ್ನು ಮುಂದೆ ಯಾರಾದರೂ 'ನೀನೇ ಬೇಕು' ಅಂದರೆ ಜೊತೆಗೆ ಇನ್ನೊಬ್ಬ ಸಿಸ್ಟರ್ ಕರೆದುಕೊಂಡು ಹೋಗಿ. 'ಅಜ್ಜ, ನಾಳೆ ನಾನಿರಲ್ಲ, ಇವರೂ ನನ್ನ ಹಂಗೇ' ಅಂತ ಪರಿಚಯ ಮಾಡಿಸಿ.

ಬೆಂಗಳೂರಿನ ಮಗನ ವಿಷಯ. ದೂರದಲ್ಲಿರುವ ಮಕ್ಕಳಿಗೆ ಹತ್ತಿರ ಇರಲಿಲ್ಲವಲ್ಲ ಅನ್ನುವ ಸಂಕಟ ಇರುತ್ತದೆ, ಅದು ಎದುರಿಗೆ ಸಿಕ್ಕ ಸಿಸ್ಟರ್ ಮೇಲೆ ಸಿಟ್ಟಾಗಿ ಬೀಳುತ್ತದೆ. ಅಡ್ಮಿಟ್ ಆದ ದಿನವೇ ರೋಗಿಯನ್ನೇ ಕೇಳಿ: ನಿಮ್ಮ ವಿಷಯ ಮನೆಯಲ್ಲಿ ಯಾರಿಗೆ ಹೇಳಬೇಕು? ಒಬ್ಬರ ಹೆಸರು ಬರೆದಿಡಿ, ಉಳಿದವರು ಅವರಿಂದ ತಿಳಿಯಲಿ. ಊಟ, ನಿದ್ದೆ, ಜ್ವರ ಹೇಗಿದೆ ಅಂತ ನೀವು ಹೇಳಬಹುದು. ಗಾಯ ವಾಸಿಯಾಗುತ್ತಾ, ಆಪರೇಷನ್ ಬೇಕಾ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೆ 'ಡಾಕ್ಟರ್ ಹತ್ರ ಕೇಳಿ' ಅಂತ ಮುಖ ತಿರುಗಿಸಿದರೆ ಮಾತು ಕೆಡುತ್ತದೆ. 'ಬೆಳಿಗ್ಗೆ ರೌಂಡ್ಸ್‌ಗೆ ಬರ್ತಾರೆ, ಆಗ ಇಲ್ಲೇ ಇರಿ, ನಾನೇ ಮಾತಾಡಿಸ್ತೀನಿ' ಅಂದು ನೋಡಿ. ಇಷ್ಟಾದರೂ ಕೈ ಎತ್ತುವ ಹಂತಕ್ಕೆ ಬಂದರೆ ಒಬ್ಬರೇ ನಿಲ್ಲಬೇಡಿ, ಸೆಕ್ಯುರಿಟಿಯನ್ನೂ ಇನ್‌ಚಾರ್ಜ್ ಸಿಸ್ಟರನ್ನೂ ಕರೆಯಿರಿ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಅದು ಡಾಕ್ಟರ್‌ಗಳಿಗಷ್ಟೇ ಅಲ್ಲ, ನರ್ಸ್‌ಗಳಿಗೂ ಅನ್ವಯಿಸುತ್ತದೆ.

ಈಗ ಫೋನ್. ನಂಬರ್ ಕೊಡಬಾರದಿತ್ತು, ಅದು ನಿಜ. ನಿಮ್ಮ ನಿದ್ದೆ ಕೆಡುತ್ತದೆ ಅನ್ನುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 'ಸಿಸ್ಟರ್, ಮಾವಂಗೆ ಮೈಯೆಲ್ಲ ಬೆವರ್ತಾ ಅದೆ' ಅಂತ ಫೋನ್ ಬಂದರೆ ಅದು ಶುಗರ್ ಇಳಿದಿದ್ದೋ, ಹೃದಯದ ತೊಂದರೆಯೋ ನೀವು ಅಲ್ಲಿಂದ ಹೇಗೆ ಹೇಳುತ್ತೀರಿ? ನೋಡದೆ ಹೇಳಿದ ಒಂದು ಮಾತು ಅವರಿಗೂ ಅಪಾಯ, ನಿಮಗೂ ಅಪಾಯ.

ಹಾಗಂತ ನಂಬರ್ ಬ್ಲಾಕ್ ಮಾಡಬೇಡಿ. ಒಮ್ಮೆ ನೀವೇ ಹಗಲು ಹೊತ್ತಲ್ಲಿ ಫೋನ್ ಮಾಡಿ ಆ ಸೊಸೆ ಹತ್ತಿರ ಬಿಡಿಸಿ ಮಾತಾಡಿ. ಮನೆಯಲ್ಲಿ ಗ್ಲುಕೋಮೀಟರ್ ಇದೆಯಾ ಕೇಳಿ. ಶುಗರ್ 70ಕ್ಕಿಂತ ಕೆಳಗಿದ್ದರೆ, ಅಜ್ಜ ಎಚ್ಚರವಾಗಿದ್ದು ನುಂಗೋಕೆ ಆಗುತ್ತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಮೀಟರ್ ಇಲ್ಲದಿದ್ದರೂ, ಬೆವರು ನಿಲ್ಲದಿದ್ದರೂ, ಎದೆನೋವು ಅಂದರೂ 108. ಹೇಳಿದ ಮೇಲೆ 'ಅರ್ಥ ಆಯ್ತಾ' ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಲೇ ಅನ್ನುತ್ತಾರೆ. 'ಅಕ್ಕ, ಬೆವರು ಬಂದ್ರೆ ಮೊದ್ಲು ಏನ್ ಮಾಡ್ತೀರ, ನಂಗೊಂದ್ಸಲ ಹೇಳಿ' ಅನ್ನಿ. ಅವರು ತಮ್ಮ ಬಾಯಲ್ಲೇ ಸರಿಯಾಗಿ ಹೇಳುವ ತನಕ ಬಿಡಬೇಡಿ. ಇದನ್ನು ಡಿಸ್ಚಾರ್ಜ್ ದಿನ ವಾರ್ಡ್‌ನಲ್ಲೇ ಮಾಡುವುದು ಒಳ್ಳೆಯದು. ಮುಂದಿನ ರೋಗಿಗಳಿಗೆ ಹಾಗೇ ಮಾಡಿ.

ಆಮೇಲೆ ಆಸ್ಪತ್ರೆಯ ನಂಬರ್ ಕೊಟ್ಟು, 'ಇನ್ಮೇಲೆ ಇದಕ್ಕೆ ಮಾಡಿ ಅಕ್ಕ, ಅಲ್ಲಿ ರಾತ್ರಿನೂ ಡ್ಯೂಟಿ ಡಾಕ್ಟರ್ ಇರ್ತಾರೆ' ಅಂತ ಹೇಳಿ. ಮಾತಾಡಿದ್ದನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಅಜ್ಜ ಗಾಯ ತೋರಿಸೋಕೆ ಓಪಿಡಿಗೆ ಬಂದೇ ಬರುತ್ತಾರೆ. ಅವತ್ತು ಡ್ಯೂಟಿ ಇದ್ದರೆ ಕೆಳಗೆ ಹೋಗಿ ಧಾರಾಳವಾಗಿ ಮಾತಾಡಿಸಿ.