ಹಿತ್ತಲ ನಾಟಿಕೋಳಿಗಳನ್ನು ಮುಂಗುಸಿ, ನಾಯಿ, ಹಾವಿನಿಂದ ಕಾಪಾಡುವುದು ಹೇಗೆ?

ಮೊದಲು ಗೂಡಿನ ಬಲೆ ನೋಡಿ. ಕೋಳಿ ಬಲೆ ಅಂತ ಅಂಗಡಿಯಲ್ಲಿ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಅದನ್ನು ಹರಿದು ಹಾಕುತ್ತದೆ, ಹಾವು ಸುಲಭವಾಗಿ ನುಸುಳುತ್ತದೆ. ದುಡ್ಡು ಜಾಸ್ತಿಯಾದರೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ ಹಾಕಿಸಿ. ಮುಂಗುಸಿ, ನಾಯಿ ಎರಡೂ ನೆಲ ಕೆರೆದು ಒಳಗೆ ಬರುತ್ತವೆ. ಹಾಗಾಗಿ ಗೂಡಿನ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಮೆಶ್ ಹಾಸಿ, ಮೇಲೆ ಮಣ್ಣು, ಕಲ್ಲು ಹೇರಿ. ಕೆರೆಯಲು ಶುರುಮಾಡುವುದು ಗೋಡೆ ಪಕ್ಕದಲ್ಲೇ ಅಲ್ವಾ, ಅಲ್ಲೇ ತಂತಿ ಅಡ್ಡ ಸಿಗುತ್ತದೆ. ಕತ್ತಲಾಗುವ ಮೊದಲೇ ಬಾಗಿಲು ಹಾಕಿ, ಮೊಟ್ಟೆ ಸಂಜೆಯೊಳಗೆ ತೆಗೆದುಬಿಡಿ. ಹದ್ದಿನ ಕಾಟವಿದ್ದರೆ ಮರಿಗಳಿರುವ ಜಾಗದ ಮೇಲೆ ಹಳೆ ಮೀನುಬಲೆ ಕಟ್ಟಿ. ವಿಷ, ಉರುಳು ಮಾತ್ರ ಬೇಡ. ಮುಂಗುಸಿ, ಪುನುಗು ಬೆಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.