ನೆಗೆಟಿವ್ ಅಂದರೆ ಏನು ಇಲ್ಲ ಅಂತ?

ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು ನಾನು. ರಕ್ತ ತೆಗೆಯುವುದು, ಸ್ಲೈಡು ನೋಡುವುದು, ರಿಪೋರ್ಟು ಬರೆದುಕೊಡುವುದು, ಇಷ್ಟೇ ನನ್ನ ಕಸುಬು. ಯಾವ ಮಾತ್ರೆ ನುಂಗಬೇಕು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ರಿಪೋರ್ಟಿನ ಪದಗಳ ಅರ್ಥ ಕೇಳಿ, ಹೇಳುತ್ತೇನೆ.

ಪ್ರಶ್ನೆ: ಅಮ್ಮನ ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ‘ಗ್ರಾಮ್ ನೆಗೆಟಿವ್ ಬ್ಯಾಸಿಲೈ’ ಎಂದಿದೆ. ನೆಗೆಟಿವ್ ಬಂತಲ್ಲ, ಸದ್ಯ ಸೋಂಕಿಲ್ಲ ಅಂದುಕೊಂಡೆವು. ಡಾಕ್ಟರು ನೋಡಿದರೆ ಆಂಟಿಬಯೋಟಿಕ್ ಬರೆದಿದ್ದಾರೆ. ತಪ್ಪು ಯಾರದು?

ಉತ್ತರ: ಡಾಕ್ಟರದಂತೂ ಅಲ್ಲ. ನಿಮ್ಮದೂ ಅಲ್ಲ ಅನ್ನಿ. ಇದೇ ರಿಪೋರ್ಟು ಹಿಡಿದು ನಗುನಗುತ್ತಾ ಹೊರಟವರನ್ನು ನಾನೇ ಕೌಂಟರಿನಿಂದ ಕೂಗಿ ವಾಪಸ್ ಕರೆದಿದ್ದೇನೆ.

ಕಲ್ಚರ್ ಅಂದರೆ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು, ಅಮ್ಮನ ಮಾದರಿಯಲ್ಲಿ ಅದು ಸಿಕ್ಕಿದೆ. ಇಲ್ಲಿನ ನೆಗೆಟಿವ್ ಕಾಯಿಲೆಯ ಮಾತಲ್ಲ, ಬಣ್ಣದ ಮಾತು. ಗ್ರಾಮ್ ಎಂಬುದು ತೂಕವೂ ಅಲ್ಲ, ಒಬ್ಬ ಮನುಷ್ಯನ ಹೆಸರು. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್‌ನಲ್ಲಿದ್ದಾಗ, 1884ರಲ್ಲಿ, ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ಈ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಇನ್ನೂ ಕೊರತೆಗಳಿವೆ ಎಂದು ಅವರೇ ಸಂಕೋಚದಿಂದ ಬರೆದುಕೊಂಡಿದ್ದರು. ಈಗಲೂ ಅದನ್ನೇ ಮಾಡುತ್ತೇವೆ. ಗಾಜಿನ ಪಟ್ಟಿಯ ಮೇಲೆ ಮಾದರಿ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಒಮ್ಮೆ ಹಾಯಿಸಿ, ಕ್ರಿಸ್ಟಲ್ ವಯೊಲೆಟ್ ಸುರಿಯುತ್ತೇವೆ. ಆಮೇಲೆ ಅಯೋಡಿನ್. ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು. ಈ ತೊಳೆಯುವ ಕೆಲವು ಸೆಕೆಂಡುಗಳಲ್ಲೇ ಎಲ್ಲ ಇರುವುದು. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ: ಅದು ಗ್ರಾಮ್ ಪಾಸಿಟಿವ್. ತೆಳು ಗೋಡೆಯದು ಬಿಟ್ಟುಕೊಡುತ್ತದೆ: ಅದು ಗ್ರಾಮ್ ನೆಗೆಟಿವ್. ಬಣ್ಣಗೆಟ್ಟ ಅದು ಕಣ್ಣಿಗೆ ಕಾಣಲೆಂದು ಕೊನೆಗೆ ಸ್ಯಾಫ್ರನಿನ್ ಹಾಕಿ ಗುಲಾಬಿ ಮಾಡುತ್ತೇವೆ. ಕೈಗವಸು ಮರೆತ ದಿನ ನನ್ನ ಬೆರಳುಗಳೂ ಗ್ರಾಮ್ ಪಾಸಿಟಿವ್ ಆಗಿ ಎರಡು ದಿನ ಹಾಗೇ ಇರುತ್ತಿದ್ದವು.

ಡಾಕ್ಟರಿಗೆ ಈ ಬಣ್ಣದಿಂದೇನು ಅಂದರೆ, ತೆಳು ಗೋಡೆಯ ಬ್ಯಾಕ್ಟೀರಿಯಾಕ್ಕೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ, ಕೆಲವು ಆಂಟಿಬಯೋಟಿಕ್‌ಗಳು ಅದನ್ನು ದಾಟಲಾರವು. ಯಾವ ಔಷಧ ಎಂಬ ಯೋಚನೆ ಇಲ್ಲಿಂದಲೇ ಶುರುವಾಗುತ್ತದೆ. ಉಳಿದದ್ದು ಬ್ಯಾಸಿಲೈ, ಅಂದರೆ ಕಡ್ಡಿಯ ಆಕಾರದವು. ಲ್ಯಾಟಿನ್‌ನಲ್ಲಿ ಬ್ಯಾಸಿಲಸ್ ಅಂದರೆ ಪುಟ್ಟ ಕೋಲು. ಗ್ರೀಕಿನಿಂದ ಬಂದ ಬ್ಯಾಕ್ಟೀರಿಯಾ ಪದಕ್ಕೂ ಅದೇ ಅರ್ಥ. ಹೆಸರಿಟ್ಟವರಿಗೆ ಮೊದಲು ಕಂಡದ್ದು ಕೋಲುಗಳೇ ಇರಬೇಕು.

ಹೀಗಾಗಿ ನೆಗೆಟಿವ್ ಎಂದು ಕಂಡಾಗಲೆಲ್ಲ ‘ಏನು ಇಲ್ಲ?’ ಎಂದು ಕೇಳಿಕೊಳ್ಳಿ. ಗ್ರಾಮ್ ನೆಗೆಟಿವ್‌ನಲ್ಲಿ ನೇರಳೆ ಬಣ್ಣ ಉಳಿದಿಲ್ಲ. ರಕ್ತದ ಗುಂಪಿನ ನೆಗೆಟಿವ್‌ನಲ್ಲಿ ಕೆಂಪು ಕಣಗಳ ಮೇಲೆ ಡಿ ಎಂಬ ಪ್ರತಿಜನಕ, ಅಂದರೆ ಕಣದ ಮೈಮೇಲಿನ ಒಂದು ಗುರುತು, ಇಲ್ಲ, ಅದು ಕೊರತೆಯೂ ಅಲ್ಲ, ರೋಗವೂ ಅಲ್ಲ. ಎಚ್‌ಐವಿ ಪರೀಕ್ಷೆಯ ನೆಗೆಟಿವ್‌ನಲ್ಲಿ ಹುಡುಕಿದ್ದು ಸಿಕ್ಕಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಹುಡುಕಿದರೂ ಸಿಗದೆ ಇರಬಹುದು, ಅದಕ್ಕೇ ಮತ್ತೊಮ್ಮೆ ಬನ್ನಿ ಅನ್ನುವುದು.

ಪ್ರಶ್ನೆ: ರಕ್ತ ತೆಗೆಯುವವರು ‘ನರ ಸಿಗ್ತಿಲ್ಲ’ ಅನ್ನುತ್ತಾರೆ. ಮಿದುಳಿನ ಸಂದೇಶ ಒಯ್ಯುವುದು ನರ ಎಂದು ಶಾಲೆಯಲ್ಲಿ ಓದಿದ್ದೇನೆ. ಹಾಗಾದರೆ ಸೂಜಿ ಚುಚ್ಚುವುದು ನರಕ್ಕೇ?

ಉತ್ತರ: ನಿಜವಾದ ನರಕ್ಕೆ ತಾಗಿದ್ದರೆ ನಿಮಗೆ ಈ ಅನುಮಾನವೇ ಬರುತ್ತಿರಲಿಲ್ಲ. ಕರೆಂಟು ಹೊಡೆದಂತೆ ಬೆರಳಿನ ತುದಿಯವರೆಗೆ ಝುಮ್ಮೆನ್ನುತ್ತಿತ್ತು. ಮೊಣಕೈ ಒಳಮೂಲೆ ಬಾಗಿಲಿಗೆ ಬಡಿದಾಗ ಆಗುತ್ತದಲ್ಲ, ಅದು ನರ.

ಸೂಜಿ ಹೋಗುವುದು ರಕ್ತನಾಳಕ್ಕೆ. ಆದರೂ ‘ಮುಷ್ಟಿ ಬಿಗಿ ಮಾಡಿ, ನರ ಕಾಣ್ಲಿ’ ಎಂದು ನಾನೂ ದಿನಕ್ಕೆ ನಲವತ್ತು ಸಲ ಹೇಳಿದವಳೇ. ನಮ್ಮ ಆಡುಮಾತಿನಲ್ಲಿ ಚರ್ಮದ ಕೆಳಗೆ ದಾರದ ಹಾಗೆ ಕಂಡದ್ದೆಲ್ಲ ನರ: ನೀಲಿ ರಕ್ತನಾಳ, ಸಂದೇಶದ ತಂತು, ಅಂಗೈ ಹಿಂಬದಿಯಲ್ಲಿ ಏಳುವ ಗಟ್ಟಿ ಹುರಿ, ಮೂರೂ. ಇದು ನಮ್ಮ ಅಜ್ಞಾನ ಎಂದು ತಲೆ ತಗ್ಗಿಸಬೇಕಿಲ್ಲ. ಗ್ರೀಕರ ‘ನ್ಯೂರಾನ್’ ಪದಕ್ಕೂ ಮೊದಲಿದ್ದ ಅರ್ಥ ಹುರಿ, ಬಿಲ್ಲಿನ ಹೆದೆ ಎಂದೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವೈದ್ಯ ಹೆರೊಫಿಲಸ್ ಹೆಣ ಕೊಯ್ದು ನೋಡಿ ನರಗಳನ್ನು ಬೇರೆಯಾಗಿ ಗುರುತಿಸಿದ. ಸ್ನಾಯುವನ್ನು ಮೂಳೆಗೆ ಕಟ್ಟುವ ಹಾಳೆಯಂಥ ಪಟ್ಟಿಗೆ ವೈದ್ಯರು ಇವತ್ತಿಗೂ ಅಪೊನ್ಯೂರೋಸಿಸ್ ಅನ್ನುತ್ತಾರೆ. ನರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಹಳೆಯ ಅರ್ಥ ಅಲ್ಲೇ ಉಳಿದುಬಿಟ್ಟಿದೆ.

ಸ್ನಾಯು ಎಂದೆನಲ್ಲ, ಅದರ ಕಥೆ ಇನ್ನೂ ಸ್ವಾರಸ್ಯ. ಸುಶ್ರುತ ಸಂಹಿತೆ ದೇಹದಲ್ಲಿ 900 ಸ್ನಾಯು, 500 ಪೇಶಿ ಎಂದು ಲೆಕ್ಕ ಹೇಳುತ್ತದೆ. ಅಲ್ಲಿ ಮಾಂಸಖಂಡ ಪೇಶಿ, ಕಟ್ಟಿ ಹಿಡಿಯುವ ಹುರಿ ಸ್ನಾಯು. ಅದೇ ಸ್ನಾಯು ಕನ್ನಡಕ್ಕೆ ಬಂದು ಮಾಂಸಖಂಡವಾಯಿತು, ಬಂಗಾಳಿಗೆ ಹೋಗಿ ನರವಾಯಿತು.

ಇನ್ನು ಪಠ್ಯಪುಸ್ತಕದ ಅಪಧಮನಿ, ಅಭಿಧಮನಿ. ಒಂದೇ ಅಕ್ಷರದ ವ್ಯತ್ಯಾಸವಿರುವ ಈ ಜೋಡಿ ಪದಗಳನ್ನು ಮಾಡಿದವರು ಪರೀಕ್ಷೆಗೆ ಕೂತ ಮಕ್ಕಳ ಮುಖ ನೆನೆಯಲಿಲ್ಲ. ಆದರೆ ಕೀಲಿ ಪದದೊಳಗೇ ಇದೆ. ‘ಅಪ’ ಅಂದರೆ ದೂರಕ್ಕೆ: ಹೃದಯದಿಂದ ಆಚೆ ಒಯ್ಯುವುದು ಅಪಧಮನಿ. ‘ಅಭಿ’ ಅಂದರೆ ಕಡೆಗೆ, ಅಭಿಮುಖದ ಅಭಿ: ಹೃದಯದ ಕಡೆಗೆ ತರುವುದು ಅಭಿಧಮನಿ. ಒಂದರಲ್ಲಿ ಶುದ್ಧ ರಕ್ತ, ಇನ್ನೊಂದರಲ್ಲಿ ಅಶುದ್ಧ ರಕ್ತ ಎಂದು ಬಾಯಿಪಾಠ ಮಾಡಬೇಡಿ, ಶ್ವಾಸಕೋಶಕ್ಕೆ ಹೋಗಿ ಬರುವ ನಾಳಗಳಲ್ಲಿ ಅದು ತಿರುಗುಮುರುಗು. ದಿಕ್ಕು ಮಾತ್ರ ಎಲ್ಲೂ ತಪ್ಪುವುದಿಲ್ಲ.

ನಾವು ರಕ್ತ ತೆಗೆಯುವುದು ಅಭಿಧಮನಿಯಿಂದ. ಕಣ್ಣಿಗಿಂತ ಬೆರಳೇ ಇದಕ್ಕೆ ಸರಿ. ಒತ್ತಿದಾಗ ಮಿಡಿದರೆ ಅಪಧಮನಿ, ಅದರ ತಂಟೆ ಬೇಡ. ಒತ್ತಿ ಬಿಟ್ಟರೆ ಮೆತ್ತಗೆ ಮೇಲೆದ್ದು ಬಂದರೆ ಅದೇ ನಮಗೆ ಬೇಕಾದದ್ದು. ಹುರಿಯ ಹಾಗೆ ಗಟ್ಟಿಯಾಗಿದ್ದು, ಬೆರಳು ಮಡಿಸಿದಾಗ ತಾನೂ ಸರಿದರೆ ಸ್ನಾಯುರಜ್ಜು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಮ್ಮೆ ಮಣಿಕಟ್ಟಿನ ಹುರಿಯನ್ನೇ ಒಳ್ಳೆ ದಪ್ಪ ನಾಳ ಎಂದುಕೊಂಡು ಸೂಜಿ ಎತ್ತಿದ್ದೆ. ಸಿಸ್ಟರ್ ಒಬ್ಬರು ಕೈ ಹಿಡಿದು ತಡೆದರು.

ಪ್ರಶ್ನೆ: ನನಗೆ ‘ಅಕ್ಯೂಟ್ ಬ್ರಾಂಕೈಟಿಸ್’ ಅಂತೆ. ಮೊಬೈಲಿನಲ್ಲಿ ನೋಡಿದರೆ ‘ತೀವ್ರ’ ಎಂದು ಬಂತು. ನನಗೆ ಬರೀ ಕೆಮ್ಮು. ಅಷ್ಟು ಗಂಭೀರವೇ?

ಉತ್ತರ: ‘ತೀವ್ರ’ ಎಂಬ ಅನುವಾದ ಎಷ್ಟು ಜನರ ನಿದ್ದೆ ಕೆಡಿಸಿದೆಯೋ! ಅಕ್ಯೂಟ್ ಹೇಳುವುದು ಕಾಲವನ್ನು: ಥಟ್ಟನೆ ಶುರುವಾಗಿದೆ, ಬಹಳ ದಿನದ್ದಲ್ಲ. ಇದಕ್ಕೆ ಎದುರು ಪದ ಕ್ರಾನಿಕ್, ಬಹುಕಾಲದಿಂದ ಇರುವುದು. ಎಷ್ಟು ಜೋರು ಎಂಬುದಕ್ಕೆ ಬೇರೆ ಪದಗಳಿವೆ, ಮೈಲ್ಡ್, ಸಿವಿಯರ್ ಎಂದು. ಸಾಮಾನ್ಯ ನೆಗಡಿಯೂ ಅಕ್ಯೂಟೇ.

ಬ್ರಾಂಕೈ ಅಂದರೆ ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಕೊಳವೆಗಳು, ಹೆಸರಿನ ಬಾಲದ ‘ಐಟಿಸ್’ ಅಂದರೆ ಉರಿಯೂತ. ಕನ್ನಡದ ವೈದ್ಯ ಪದಗಳಲ್ಲಿ ನನಗೆ ಬಲು ಇಷ್ಟವಾದದ್ದು ಇದು. ಕೆಂಪು, ಊತ, ಬಿಸಿ, ನೋವು ಎಂದು ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಕೊಟ್ಟ ನಾಲ್ಕು ಗುರುತುಗಳಲ್ಲಿ ಉರಿ, ಊತ ಎರಡನ್ನೂ ಹೆಸರೇ ಹೇಳಿಬಿಡುತ್ತದೆ. ಉರಿಯೂತವೆಲ್ಲ ಸೋಂಕಲ್ಲ, ನೆನಪಿರಲಿ. ಉಳುಕಿದ ಕಾಲೂ ಕೆಂಪಾಗಿ ಊದಿಕೊಳ್ಳುತ್ತದೆ, ಅಲ್ಲಿ ಯಾವ ಕ್ರಿಮಿಯೂ ಇಲ್ಲ.

ಪ್ರಶ್ನೆ: ಸೀರಮ್, ಪ್ಲಾಸ್ಮಾ ಎರಡೂ ಒಂದೇ ಅಲ್ಲವೇ?

ಉತ್ತರ: ನೋಡಲು ಒಂದೇ, ತಿಳಿ ಹಳದಿ. ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕ, ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವುದು ಪ್ಲಾಸ್ಮಾ. ಕೆಂಪು ಮುಚ್ಚಳದ್ದರಲ್ಲಿ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ಆಮೇಲೆ ತಿರುಗಿಸಿದರೆ ಸಿಗುವುದು ಸೀರಮ್. ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ಲಾಸ್ಮಾದಲ್ಲಿ ಇದೆ, ಸೀರಮ್‌ನಲ್ಲಿ ಖರ್ಚಾಗಿ ಹೋಗಿದೆ.

ಪ್ರಶ್ನೆ: ನನ್ನ ಕಾಯಿಲೆಯ ಹೆಸರಿನ ಮುಂದೆ ‘ಇಡಿಯೋಪಥಿಕ್’ ಎಂದಿದೆ. ಅದು ಯಾವ ಬಗೆ?

ಉತ್ತರ: ಬಗೆಯೇನಲ್ಲ. ‘ಯಾಕೆ ಬಂತೋ ಗೊತ್ತಿಲ್ಲ’ ಎಂಬುದನ್ನು ಗ್ರೀಕಿನಲ್ಲಿ ಗಂಭೀರವಾಗಿ ಹೇಳುವ ರೀತಿ. ಆದರೆ ಗೊತ್ತಿಲ್ಲದ್ದು ಮುಂದೆ ಗೊತ್ತಾಗುವುದೂ ಉಂಟು. ಪ್ಲೇಟ್‌ಲೆಟ್ ಕಡಿಮೆಯಾಗುವ ಐಟಿಪಿ ಎಂಬ ಕಾಯಿಲೆಯ ‘ಐ’ ಹಿಂದೆ ಇಡಿಯೋಪಥಿಕ್ ಆಗಿತ್ತು. ದೇಹದ ಪ್ರತಿಕಾಯಗಳೇ ಪ್ಲೇಟ್‌ಲೆಟ್‌ಗಳ ಮೇಲೆ ಎರಗುತ್ತವೆ ಎಂದು ತಿಳಿದ ಮೇಲೆ ಅದು ಇಮ್ಯೂನ್, ಅಂದರೆ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ್ದು, ಎಂದಾಯಿತು. ಅಕ್ಷರ ಅದೇ ಉಳಿದದ್ದರಿಂದ ನಮ್ಮ ರಿಪೋರ್ಟಿನಲ್ಲಿ ಏನೂ ತಿದ್ದಬೇಕಾಗಲಿಲ್ಲ.